ಬೆನ್ನೊರಗಿಸಿ ತುಳಿಯುವ ಸೈಕಲ್ಲು

ದೂರದ ಸೈಕಲ್ ಸವಾರಿಯ ಹುಚ್ಚು ಹಿಡಿದವರು ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಬಂದರೆ, ಬಾಯಿ ಬಿಡುವ ಮೊದಲೇ ಅರ್ಧ ಕಥೆ ಗೊತ್ತಾಗುತ್ತದೆ. ಕಿರುಬೆರಳು, ಉಂಗುರಬೆರಳು ಹಿಸುಕಿಕೊಳ್ಳುತ್ತಾ ಕೂತಿರುತ್ತಾರೆ. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಹಾಕಿ, ಅಂಗೈ ಬುಡದಲ್ಲಿ ಹಾಯುವ ಅಲ್ನಾರ್ ನರ ಅದುಮಿ ಹಿಡಿದ ಜೋಮು ಅದು. ಕತ್ತು ನೋವು ಜೊತೆಗೇ ಬರುತ್ತದೆ. ಸೀಟಿನ ನೋವನ್ನು ಮಾತ್ರ ಮೂರನೇ ಸಲ ಬಂದಾಗ, ಅದೂ ಬಾಗಿಲು ಹಾಕಿದ ಮೇಲೆ ಹೇಳುತ್ತಾರೆ.

ಹೀಗೆ ಬಂದವರೊಬ್ಬರು, “ಸೈಕಲ್ ಬಿಡಿ ಅಂತ ಮಾತ್ರ ಹೇಳ್ಬೇಡಿ ಮೇಡಂ” ಎಂದು ಮೊದಲೇ ಕೈಮುಗಿದರು. ನಾನು ಮೂಲೆಯಲ್ಲಿದ್ದ ವ್ಯಾಯಾಮದ ಸೈಕಲ್ ತೋರಿಸಿದೆ. ಮಂಡಿ ಆಪರೇಷನ್ ಆದವರನ್ನು ಕೂರಿಸುವಂಥದ್ದು: ಕುರ್ಚಿಯ ಹಾಗೆ ಸೀಟು, ಬೆನ್ನಿಗೆ ಒರಗು, ಪೆಡಲ್ಲು ಮುಂದುಗಡೆ. “ಇದಕ್ಕೇ ಚಕ್ರ ಹಾಕಿ ರಸ್ತೆಗೆ ಬಿಟ್ಟರೆ ರಿಕಂಬೆಂಟ್.”

ಅವರಿಗೆ ನಗು ಬಂತು. ಮುದುಕರ ಗಾಡಿ ಎಂದುಕೊಂಡರು. ಹಾಗೇನಿಲ್ಲ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೇ ದರ್ಜೆಯ ಸ್ಪರ್ಧಿ, ಶಾರ್ಲ್ ಮೊಶೆ ಕಟ್ಟಿದ ವೆಲೋಕಾರ್ ಎಂಬ ರಿಕಂಬೆಂಟ್ ಮೇಲೆ ಒರಗಿಕೊಂಡು ಒಂದು ಗಂಟೆಯಲ್ಲಿ 45.055 ಕಿ.ಮೀ. ತುಳಿದ. 1914ರಿಂದ ಅಲುಗದೆ ನಿಂತಿದ್ದ ಆಸ್ಕರ್ ಎಗ್ ಎಂಬ ಸ್ಪರ್ಧಿಯ ದಾಖಲೆ 44.247 ಕಿ.ಮೀ. ಮರುವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ಲಿನ ವ್ಯಾಖ್ಯೆಯನ್ನೇ ತಿದ್ದಿ ರಿಕಂಬೆಂಟನ್ನು ಪಂದ್ಯಗಳಿಂದ ಹೊರಗಿಟ್ಟಿತು. ಸೋಲಿಸಲಾಗದ್ದನ್ನು ಪಟ್ಟಿಯಿಂದಲೇ ತೆಗೆದರು ಅನ್ನುವುದು ನನ್ನ ಅಭಿಪ್ರಾಯ. ವೇಗದ ಗುಟ್ಟು ಗಾಳಿಯಲ್ಲಿದೆ: ಕಾಲು, ಮೈ ಒಂದೇ ಸಾಲಿಗೆ ಬಂದರೆ ಎದುರುಗಾಳಿಗೆ ಸಿಗುವ ಮೈ ಕಡಿಮೆ. ಇಡೀ ಗಾಡಿಗೆ ಚಿಪ್ಪು ಹೊದಿಸಿ 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ಟಾಡ್ ರೈಚರ್ಟ್ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದ, ಮೋಟಾರಿಲ್ಲದೆ.

ನನಗೆ ಮುಖ್ಯವಾದದ್ದು ವೇಗವಲ್ಲ, ಭಾರ ಎಲ್ಲಿ ಕೂರುತ್ತದೆ ಅನ್ನುವುದು. ಇಲ್ಲಿ ಅದು ಬೆನ್ನಿಗೂ ಪೃಷ್ಠಕ್ಕೂ ಹಂಚಿಹೋಗುತ್ತದೆ. ಅಂಗೈಗೆ ಗಾಡಿ ತಿರುಗಿಸುವುದಷ್ಟೇ ಕೆಲಸ. ಕತ್ತೆತ್ತಿ ನೋಡಬೇಕಿಲ್ಲ, ಕಣ್ಣೆದುರಿಗೇ ರಸ್ತೆ.

ಹಾಗಂತ ಎಲ್ಲರಿಗೂ ಬರೆದುಕೊಡುವ ಔಷಧಿ ಇದಲ್ಲ. ಏರು ಬಂದಾಗ ಎದ್ದು ನಿಂತು ತುಳಿಯುವಂತಿಲ್ಲ. ಬೆನ್ನಿಗೆ ಆಸರೆ ಇದೆಯೆಂದು ಭಾರದ ಗೇರಿನಲ್ಲಿ ಒತ್ತಿದರೆ ಮಂಡಿ ಕೆಡುತ್ತದೆ. ಹಗುರ ಗೇರಿಗಿಳಿದು ಸರಸರ ತುಳಿಯಬೇಕು. ನಮ್ಮ ರಸ್ತೆಯ ಹಂಪು ಇನ್ನೊಂದು ಫಜೀತಿ. ಮಾಮೂಲಿ ಸೈಕಲ್ಲಿನಲ್ಲಿ ಸೀಟಿನಿಂದ ಎದ್ದು ತಪ್ಪಿಸಿಕೊಳ್ಳುತ್ತೇವೆ, ಇದರಲ್ಲಿ ಅಷ್ಟೂ ಬೆನ್ನಿಗೇ. ತಗ್ಗಾಗಿರುವ ಮಾದರಿಗಳು ಲಾರಿ ಚಾಲಕರಿಗೆ ಕಾಣುವುದೂ ಕಷ್ಟ, ಹಾಗಾಗಿ ಹಿಂದೆ ಎತ್ತರದ ಬಾವುಟ ಸಿಗಿಸುತ್ತಾರೆ.

ಆಮೇಲೆ ಅವರು ಯಾರದೋ ಮೂರು ಚಕ್ರದ ರಿಕಂಬೆಂಟ್ ತಂದು ನಮ್ಮ ಗೇಟಿನೊಳಗೆ ನಿಲ್ಲಿಸಿದರು. ಹಿಮ್ಮಡಿ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗುವಷ್ಟು ಪೆಡಲ್ ಹೊತ್ತ ಮುಂದಿನ ಕೊಳವೆಯನ್ನು ಎಳೆದು ಬಿಗಿ ಮಾಡಿದೆ. ತುಳಿಯುವುದು ಮುಂಗಾಲಲ್ಲಾದ್ದರಿಂದ ಮಂಡಿಗೆ ಬೇಕಾದ ಚೂರು ಬಾಗು ಅಲ್ಲಿ ಉಳಿಯುತ್ತದೆ. ಅವರು ಚಪ್ಪಲಿಯಲ್ಲೇ ಹೊರಟಿದ್ದರು. ತಡೆದೆ. ಓಡುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಆ ಕಾಲಿನ ಮೇಲೆಯೇ ಹರಿದು ಮೂಳೆ ಮುರಿಯಬಹುದು. ಶೂ ಬೇಕು, ಪೆಡಲಿಗೆ ಪಟ್ಟಿಯೂ ಬೇಕು.

“ಕೂತ್ಕೊಂಡು ತುಳಿಯೋಕೆ ಇಷ್ಟೆಲ್ಲ ಶಾಸ್ತ್ರಾನಾ ಮೇಡಂ?” ಎಂದು ಗೊಣಗುತ್ತಲೇ ಶೂ ತರಲು ಮನೆಗೆ ಹೋದರು.