ಅರೋರಾದ ಕೆಂಪು ಯಾಕೆ ಮೇಲೆ ಮಾತ್ರ ಕಾಣುತ್ತದೆ?

ಪ್ರಶ್ನೆ: ಅರೋರಾ, ಅಂದರೆ ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು. ಅದರ ಫೋಟೊಗಳಲ್ಲಿ ಹಸಿರು ಕೆಳಗೆ, ಕೆಂಪು ಮೇಲೆ. ಎರಡೂ ಆಮ್ಲಜನಕದ ಬೆಳಕೇ ಅಂತಾರೆ. ಹಾಗಿದ್ದರೆ ಕೆಂಪು ಕೆಳಗೆ ಯಾಕಿಲ್ಲ?

ಉತ್ತರ: ಕೆಂಪು ಸೂಸಬೇಕಾದ ಪರಮಾಣುಗಳು ಕೆಳಗೂ ಹುಟ್ಟುತ್ತವೆ. ಆದರೆ ಬೆಳಕು ಕೊಡುವ ಮೊದಲೇ ಯಾವುದಕ್ಕೋ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತವೆ, ಅಷ್ಟೇ.

ಮೇಲಿಂದ ನುಗ್ಗುವ ಎಲೆಕ್ಟ್ರಾನುಗಳ ಏಟಿಗೆ ಆಮ್ಲಜನಕದ ಪರಮಾಣು ಶಕ್ತಿ ತುಂಬಿಕೊಳ್ಳುತ್ತದೆ. ಅದನ್ನು 630 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕಾಗಿ ಬಿಡಲು ಸರಾಸರಿ 110 ಸೆಕೆಂಡು ಬೇಕು. ಪರಮಾಣುಗಳ ಲೆಕ್ಕದಲ್ಲಿ ಇದು ಯುಗ! 557.7ರ ಹಸಿರಿಗೆ ಮುಕ್ಕಾಲು ಸೆಕೆಂಡು ಸಾಕು. 100 ಕಿ.ಮೀ. ಎತ್ತರದಲ್ಲಿ ಗಾಳಿ ತೆಳುವೇ, ಆದರೂ ಒಂದು ಪರಮಾಣು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಸಲ ಬೇರೆಯವಕ್ಕೆ ಬಡಿಯುತ್ತದೆ. 110 ಸೆಕೆಂಡು ಸುಮ್ನೆ ಇರಲು ಯಾರು ಬಿಡ್ತಾರೆ?

ಉತ್ತರವನ್ನು ಇಲ್ಲಿಗೇ ಮುಗಿಸುವವರು ಬಹಳ. ಆದರೆ ಮುಕ್ಕಾಲು ಸೆಕೆಂಡಿನಲ್ಲೂ ನೂರಾರು ಡಿಕ್ಕಿ ಆಗುತ್ತವೆ, ಅಲ್ವಾ? ಮತ್ತೆ ಹಸಿರು ಹೇಗೆ ಉಳಿಯಿತು? ನನಗೆ ಮಜಾ ಅನಿಸುವುದು ಇದೇ: ಎಷ್ಟು ಡಿಕ್ಕಿ ಅನ್ನುವುದರ ಜೊತೆಗೆ ಯಾವುದಕ್ಕೆ ಡಿಕ್ಕಿ ಅನ್ನುವುದೂ ಮುಖ್ಯ.

ಸಾರಜನಕದ ಅಣು ಅಂದರೆ ಸ್ಪ್ರಿಂಗಿನಿಂದ ಸೇರಿಸಿದ ಎರಡು ಗುಂಡುಗಳ ಹಾಗೆ, ಅದು ಕಂಪಿಸಬಲ್ಲದು. ಕೆಂಪು ಸ್ಥಿತಿಯ, ಅಂದರೆ ಕೆಂಪು ಬೆಳಕು ಕೊಡಲು ಕಾದಿರುವ ಆಮ್ಲಜನಕದ ಪರಮಾಣುವಿನಲ್ಲಿರುವ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಶಕ್ತಿ ಅಳೆಯುವ ಮಾನ). ಅದು ಸಾರಜನಕಕ್ಕೆ ಬಡಿದಾಗ ತಕ್ಷಣ ಪುಟಿಯುವುದಿಲ್ಲ, ಒಂದು ಕ್ಷಣ ಎರಡೂ ಅಂಟಿಕೊಂಡು ಮೂರು ಪರಮಾಣುಗಳ ಗುಂಪಾಗುತ್ತವೆ, ಆ ಹೊತ್ತಿನಲ್ಲೇ ಪರಮಾಣು ತನ್ನ ಕೆಳಗಿನ ಸ್ಥಿತಿಗೆ ಜಾರಿಬಿಡುತ್ತದೆ. ಬಿಟ್ಟ ಶಕ್ತಿಯಲ್ಲಿ ಮೂರನೇ ಒಂದು ಪಾಲಿನಷ್ಟು ಸಾರಜನಕದ ಕಂಪನಕ್ಕೆ ಹೋಗುತ್ತದೆ, ಉಳಿದದ್ದು ವೇಗವಾಗಿ, ಅಂದರೆ ಶಾಖವಾಗಿ ಹಂಚಿಹೋಗುತ್ತದೆ. ಹೆಚ್ಚುಕಮ್ಮಿ ಹತ್ತು ಡಿಕ್ಕಿಗೆ ಒಂದರಲ್ಲಿ ಕೆಲಸ ಆಗಿಬಿಡುತ್ತದೆ. ಒಂಟಿ ಪರಮಾಣುವಾದ ಆರ್ಗಾನ್‌ಗೆ ಕಂಪಿಸಲು ಏನೂ ಇಲ್ಲ, ಈ ಶಕ್ತಿ ಕಸಿಯುವುದರಲ್ಲಿ ಅದು ಹತ್ತಾರು ಪಟ್ಟು ನಿಧಾನ.

ಹಸಿರು ಸ್ಥಿತಿಯಲ್ಲಿ 4.2 ಎಲೆಕ್ಟ್ರಾನ್ ವೋಲ್ಟ್ ಇದ್ದರೂ ಸಾರಜನಕ ಅದನ್ನು ಮುಟ್ಟುವುದೇ ಇಲ್ಲ ಅನ್ನಬಹುದು. ಅಂಥ ಸುಲಭದ ದಾರಿ ಅಲ್ಲಿಲ್ಲ. ಹಸಿರಿಗೆ ಕುತ್ತು ತರುವುದು ಮುಖ್ಯವಾಗಿ ಆಮ್ಲಜನಕವೇ, ಅದೂ ಇನ್ನಷ್ಟು ಕೆಳಗೆ, 90 ಕಿ.ಮೀ. ಆಸುಪಾಸಿನಲ್ಲಿ.

ಹಾಗಾಗಿ ಕೆಂಪಿಗೆ 200 ಕಿ.ಮೀ.ಗಿಂತ ಮೇಲಿನ ಖಾಲಿ ಜಾಗವೇ ಗತಿ. ಅಷ್ಟು ಎತ್ತರದ್ದು ದೂರದವರಿಗೂ ಕಾಣುತ್ತದೆ, ಕೆಳಗಿನ ಹಸಿರು ಭೂಮಿಯ ಬಾಗಿನ ಹಿಂದೆ ಅಡಗಿರುತ್ತದೆ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕ್ಯಾಮೆರಾಗಳಿಗೆ ಸಿಕ್ಕಿದ್ದೂ ಕೆಂಪು ಹೊಳಪೇ.