ಬೀಗ ಹಾಕಿದ ಘಮ

ಪಕ್ಕದ ತೋಟದ ಅಕ್ಕ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನಿನ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. "ದಿನಾ ಕಾಫಿ ಮೂಸಿ ಇದ್ರಲ್ಲಿ ಹೂವಿದೆ, ಅದ್ರಲ್ಲಿ ನಿಂಬೆ ಇದೆ ಅಂತೀರಲ್ಲ, ಇದನ್ನೂ ಸ್ವಲ್ಪ ನೋಡಿ. ದ್ರಾಕ್ಷಿ, ಸಕ್ಕರೆ, ಯೀಸ್ಟ್ ಬಿಟ್ರೆ ಬೇರೇನೂ ಹಾಕಿಲ್ಲ. ಈ ನೈಲ್ ಪಾಲಿಶ್ ವಾಸನೆ ಎಲ್ಲಿಂದ ಬಂತು?"

ಮಡಿಕೇರಿಯಲ್ಲಿ ಕಾಫಿ ಕಪ್ಪಿಂಗ್, ಅಂದರೆ ಕಾಫಿಯನ್ನು ಮೂಸಿ, ರುಚಿ ನೋಡಿ ಗುಣ ಅಳೆಯುವುದು, ನನ್ನ ಹೊಟ್ಟೆಪಾಡು. ವರ್ಷಕ್ಕೆ ಹತ್ತಿಪ್ಪತ್ತು ಇಂಥ ಬಾಟಲಿಗಳೂ ನನ್ನ ಮೂಗಿನ ಕೆಳಗೆ ಹಾಯುತ್ತವೆ. ಅಕ್ಕನಿಗೆ ಅಲ್ಲೇ ಒಂದು ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಅವರ ಪ್ರಶ್ನೆಯೊಳಗೆ ಒಂದು ನಂಬಿಕೆ ಕೂತಿತ್ತು: ಹಣ್ಣಿನಲ್ಲಿ ಇರುವ ವಾಸನೆಯೇ ವೈನಿಗೆ ಬರುತ್ತದೆ ಎಂದು. ಅದನ್ನು ಮೊದಲು ಸಡಿಲಿಸಬೇಕು.

ಕೊಡಗಿನವರಿಗೆ ಇದನ್ನು ತಿಳಿಸುವುದು ಸುಲಭ. ಹಸಿ ಕಾಫಿ ಬೀಜ ಮೂಸಿದರೆ ಒಣಹುಲ್ಲು, ಹಸಿ ಬಟಾಣಿ, ಅಷ್ಟೇ. ಕಾಫಿಯ ವಾಸನೆ ಅಲ್ಲಿಲ್ಲ. ಹುರಿದಾಗ ಫರ್ಫುರೈಲ್ ಥಯಾಲ್ ಎಂಬ ಗಂಧಕದ ಅಣು ಹುಟ್ಟಿದ ಮೇಲೆಯೇ ಬೀದಿಯ ಆ ತುದಿಗೂ ಘಮ ಹೋಗುವುದು. ಬೀಜಕ್ಕೆ ಬೆಂಕಿ ಮಾಡುವ ಕೆಲಸವನ್ನು ದ್ರಾಕ್ಷಿಗೆ ಬಹುಮಟ್ಟಿಗೆ ಯೀಸ್ಟ್ ಮಾಡುತ್ತದೆ.

ಹಾಗಂತ ಎಲ್ಲ ದ್ರಾಕ್ಷಿಯೂ ಮೌನಿಯಲ್ಲ. ನಮ್ಮ ಕಡೆ ಗುಲಾಬಿ ದ್ರಾಕ್ಷಿ, ತಮಿಳುನಾಡಿನಲ್ಲಿ ಪನ್ನೀರ್ ದ್ರಾಕ್ಷಿ ಅನ್ನುವುದು ಮಸ್ಕಟ್ ಹ್ಯಾಂಬರ್ಗ್ ತಳಿ. ಅದನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಗುಲಾಬಿಯ ನೆನಪಾಗುತ್ತದೆ; ಜೆರಾನಿಯಾಲ್, ಲಿನಲೂಲ್ ಎಂಬ ಟರ್ಪೀನುಗಳ, ಅಂದರೆ ಗಿಡಗಳ ಘಮದ ಅಣುಗಳ, ಕೆಲಸ ಅದು. ಆದರೆ ಈ ಹಣ್ಣಿನಲ್ಲೂ ಟರ್ಪೀನಿನ ದೊಡ್ಡ ಪಾಲು ಸಕ್ಕರೆಯ ಅಣುವಿಗೆ ಅಂಟಿಕೊಂಡು ಕೂತಿರುತ್ತದೆ. ಸಕ್ಕರೆಗೆ ಅಂಟಿದ ಅಣು ನೀರಿನಲ್ಲಿ ಕರಗುತ್ತದೆ, ಗಾಳಿಗೆ ಏಳುವುದಿಲ್ಲ. ಗಾಳಿಗೆ ಏಳದ್ದು ಮೂಗಿಗೂ ಇಲ್ಲ. ಗಿಡಕ್ಕೆ ಅದೇ ಅನುಕೂಲ: ಎಣ್ಣೆಯಂಥ ಟರ್ಪೀನನ್ನು ಬಿಡಿಯಾಗಿ ತುಂಬಿಟ್ಟರೆ ತನ್ನ ಜೀವಕೋಶದ ಪೊರೆಗೇ ಕೇಡು, ಸಕ್ಕರೆ ಸೇರಿಸಿದರೆ ಸುಮ್ಮನೆ ಕೂಡಿಡಬಹುದು. ಆ ಬೀಗ ತೆಗೆಯುವುದು ಗ್ಲುಕೋಸಿಡೇಸ್ ಎಂಬ ಕಿಣ್ವ, ಇಲ್ಲವೇ ವೈನಿನ ಹುಳಿಯೇ ನಿಧಾನವಾಗಿ, ತಿಂಗಳುಗಟ್ಟಲೆ. ನಮ್ಮ ಬಾಯಿಯ ಬ್ಯಾಕ್ಟೀರಿಯಾಗಳಿಗೂ ಆ ವಿದ್ಯೆ ಗೊತ್ತು. ನುಂಗಿದ ಮೇಲೆ ಗಂಟಲ ಹಿಂದಿನಿಂದ ಘಮ ಮತ್ತೆ ಏಳುವುದರಲ್ಲಿ ಅವುಗಳ ಕೈವಾಡವೂ ಇದೆ.

ಇಲ್ಲಿ ಭರಣಿಗೆ ಬೀಳುವುದು ಹೆಚ್ಚಾಗಿ ಬೆಂಗಳೂರು ಬ್ಲೂ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಸಂತೆಗೆ ಬರುವ ಕಪ್ಪು ದ್ರಾಕ್ಷಿ. ಅದು ಬೇರೆಯೇ ಜಾತಿ. ಅಮೆರಿಕದ ಲ್ಯಾಬ್ರಸ್ಕಾ ದ್ರಾಕ್ಷಿಯ ರಕ್ತ ಅದರಲ್ಲಿದೆ. ಆ ಗಾಢ ವಾಸನೆಯ ಮುಖ್ಯ ಅಣು ಮೀಥೈಲ್ ಆಂಥ್ರನಿಲೇಟ್. ಯುರೋಪಿನ ವೈನ್ ಪಂಡಿತರು ಇದನ್ನು ನರಿವಾಸನೆ ಎಂದು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ, ಯಾಕೆಂದರೆ ಇದೇ ಅಣು ಮಲ್ಲಿಗೆಯಲ್ಲಿದೆ, ಕಿತ್ತಳೆ ಹೂವಿನಲ್ಲೂ ಇದೆ. ಕಿತ್ತಳೆ ಗಿಡ ಹೂ ಬಿಟ್ಟಾಗ ತೋಟದಲ್ಲಿ ನಿಂತವರು ಈ ವಾಸನೆಯನ್ನು ಆಗಲೇ ಕುಡಿದಿರುತ್ತಾರೆ. (ಹಕ್ಕಿಗಳಿಗೆ ಮಾತ್ರ ಇದು ಆಗದು. ಹಣ್ಣಿನ ತೋಟಗಳಲ್ಲಿ ಹಕ್ಕಿ ಓಡಿಸಲು ಇದನ್ನೇ ಸಿಂಪಡಿಸುವುದುಂಟು.)

ಇನ್ನು ಯೀಸ್ಟ್. ಸಕ್ಕರೆ ತಿಂದು ಆಲ್ಕೋಹಾಲ್ ಬಿಡುವುದು ಅದರ ಕೆಲಸ ಎಂದು ಎಲ್ಲರಿಗೂ ಗೊತ್ತು. ಜೊತೆಗೆ ಅದು ಎಸ್ಟರು ಎಂಬ ಹಣ್ಣಿನ ಘಮದ ಅಣುಗಳನ್ನೂ ಹೊಸೆಯುತ್ತದೆ. ಹೊಸ ವೈನಿನಲ್ಲಿ ಬರುವ ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್‌ನದು. ಪೆಟ್ಟಿಗೆ ಜೇನು ಸಾಕಿದವರಿಗೆ ಇದು ಹಳೆಯ ಪರಿಚಯ: ಒಂದು ನೊಣ ಕುಟುಕಿದ ಜಾಗದಿಂದ ಬಾಳೆಹಣ್ಣಿನ ವಾಸನೆ ಎದ್ದು ಉಳಿದವೂ ಮೈಮೇಲೆ ಬೀಳುತ್ತವಲ್ಲ, ಆ ಅಪಾಯದ ಕರೆಯ ಮುಖ್ಯ ಅಣುವೂ ಇದೇ. ಯೀಸ್ಟಿಗೆ ಇದರಿಂದ ಏನು ಲಾಭ? ಬೆಲ್ಜಿಯಂನ ಲೂವೆನ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಕೆಲಸವೊಂದು ನನಗೆ ಬಹಳ ಇಷ್ಟ. ಈ ಎಸ್ಟರ್ ತಯಾರಿಸುವ ಜೀನನ್ನು ತೆಗೆದುಹಾಕಿದಾಗ ಯೀಸ್ಟಿನ ಬಳಿಗೆ ಬರುವ ಹಣ್ಣಿನ ನೊಣ ಕಡಿಮೆಯಾಯಿತು. ಯೀಸ್ಟಿಗೆ ರೆಕ್ಕೆಯಿಲ್ಲ. ಘಮ ಬಿಟ್ಟು ನೊಣ ಕರೆದು, ಅದರ ಮೈಗಂಟಿ ಮುಂದಿನ ಹಣ್ಣಿಗೆ ಹೋಗುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹಿಂದೆ ಬಿದ್ದ ಸಿಪ್ಪೆಯ ರಾಶಿಗೆ ಮುತ್ತುವ ನೊಣಗಳೂ ಇಂಥ ಕರೆಗೇ ಓಗೊಡುತ್ತಿರುತ್ತವೆ.

ಅಕ್ಕನ ಬಾಟಲಿಯಲ್ಲಿದ್ದದ್ದು ಈಥೈಲ್ ಅಸಿಟೇಟ್. ನೈಲ್ ಪಾಲಿಶ್ ಕರಗಿಸಲು ಬಳಸುವುದೂ ಅದನ್ನೇ, ಹಾಗಾಗಿ ಅವರ ಮೂಗು ಸರಿಯಾಗಿಯೇ ಹೇಳಿತ್ತು. ಸ್ವಲ್ಪವಿದ್ದರೆ ಹಣ್ಣಿನ ಸೊಗಸು, ಲೀಟರಿಗೆ 150 ಮಿಲಿಗ್ರಾಂ ದಾಟಿತೆಂದರೆ ಕಿರಿಕಿರಿ ಶುರು. ಅದಕ್ಕೆ ಎರಡು ದಾರಿ. ಹಣ್ಣಿನ ಸಿಪ್ಪೆಯ ಮೇಲಿನ ಕಾಡು ಯೀಸ್ಟುಗಳು ಮೊದಲೆರಡು ದಿನ ಮೆರೆದು ಇದನ್ನು ಬಿಡುತ್ತವೆ. ಆಮೇಲೆ ಗಾಳಿ ಸಿಕ್ಕರೆ ವಿನೆಗರ್ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಹುಳಿ ಮಾಡುತ್ತಾ ಇದನ್ನೂ ಹೆಚ್ಚಿಸುತ್ತದೆ. ಎಷ್ಟು ದಿನ ಕದಡಿದಿರಿ ಎಂದು ಕೇಳಿದೆ. "ಇಪ್ಪತ್ತೊಂದು ದಿನ, ಅಜ್ಜಿ ಹೇಳಿದ ಹಾಗೆ. ಬಾಯಿಗೆ ಬಟ್ಟೆ ಕಟ್ಟಿದ್ದೆ."

ಅಜ್ಜಿಯ ಮಾತು ಅರ್ಧ ಸರಿ. ಮೊದಲ ವಾರ ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆರಡು ಸಲ ಒತ್ತಲೇಬೇಕು. ಬಣ್ಣ, ಘಮ ಇಳಿಯುವುದು ಹಾಗೆ, ಒಣಗಿದ ಸಿಪ್ಪೆ ವಿನೆಗರಿನ ತವರೂ ಹೌದು. ಆದರೆ ನೊರೆ ಇಳಿದ ಮೇಲೆ ಕದಡುವುದೆಂದರೆ ಗಾಳಿ ಕುಡಿಸಿದ ಹಾಗೆ. ಆಗ ಸೋಸಿ, ಕತ್ತಿನವರೆಗೆ ತುಂಬಿ, ಮುಚ್ಚಳಕ್ಕೊಂದು ಕೊಳವೆ ಸಿಕ್ಕಿಸಿ ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಡಿ. ಒಳಗಿನ ಗಾಳಿ ಹೊರಗೆ ಹೋಗಲಿ, ಹೊರಗಿನದು ಒಳಗೆ ಬರಬಾರದು. ಒಲೆಯ ಪಕ್ಕದ ಬೆಚ್ಚಗಿನ ಮೂಲೆಯೂ ಬೇಡ. ತಂಪಿನಲ್ಲಿ ಹುದುಗಿದರೆ ಎಸ್ಟರ್ ಹೆಚ್ಚು ಉಳಿಯುತ್ತದೆ, ಡಿಸೆಂಬರಿನ ಮಡಿಕೇರಿಗೆ ಅದೊಂದು ಪುಣ್ಯ.

ಕೊಳೆತ ಮೊಟ್ಟೆಯ ವಾಸನೆಯ ದೂರೂ ಬರುತ್ತದೆ. ಹಣ್ಣು ಕಡಿಮೆ, ನೀರು ಸಕ್ಕರೆ ಜಾಸ್ತಿ ಮಾಡಿದರೆ ಯೀಸ್ಟಿಗೆ ಸಾರಜನಕ ಸಾಲದೆ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಬಿಡುತ್ತದೆ. ಅದಕ್ಕೆ ಗೋಧಿ ಹಾಕುತ್ತೇವೆ ಅನ್ನುವವರಿದ್ದಾರೆ. ಗೋಧಿಯ ಪ್ರೋಟೀನನ್ನು ಒಡೆದು ತಿನ್ನಲು ಈ ಯೀಸ್ಟಿಗೆ ಬರುವುದಿಲ್ಲ. ಹಣ್ಣನ್ನೇ ಜಾಸ್ತಿ ಹಾಕಿ.

ಗಂಧಕವೆಂದರೆ ಕೆಟ್ಟದ್ದೇ ಎಂದೂ ಅಲ್ಲ. ನಮ್ಮಲ್ಲಿ ಬೇಲಿಗೆ ಹಬ್ಬುವ ಪ್ಯಾಶನ್ ಫ್ರೂಟ್‌ನ ಆ ಚುರುಕು ವಾಸನೆ ಗಂಧಕದ ಥಯಾಲುಗಳದು. ಸಾವಿನ್ಯಾನ್ ಬ್ಲಾಂಕ್ ದ್ರಾಕ್ಷಿಯ ರಸದಲ್ಲಿ ಅವೇ ಅಣುಗಳು ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿ ಮಲಗಿರುತ್ತವೆ. ಯೀಸ್ಟ್ ಅವನ್ನು ಕತ್ತರಿಸಿದಾಗ ವೈನಿನಲ್ಲಿ ಪ್ಯಾಶನ್ ಫ್ರೂಟ್ ಕಾಣಿಸಿಕೊಳ್ಳುತ್ತದೆ. ಇದರ ಶತ್ರು ತಾಮ್ರ. ಕಾಫಿಯ ಕೊಳೆರೋಗಕ್ಕೆ, ಮೆಣಸಿನ ಸೊರಗು ರೋಗಕ್ಕೆ ನಾವು ಹೊಡೆಯುವ ತಾಮ್ರದ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ, ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮಿಯಾರ್ಡೆ ಅದನ್ನು ಲೋಕಕ್ಕೆ ತಿಳಿಸಿದ್ದು 1885ರಲ್ಲಿ. ಬಳ್ಳಿಯನ್ನು ಉಳಿಸಿದ ಅದೇ ತಾಮ್ರ ಹಣ್ಣಿನ ಮೇಲೆ ಉಳಿದರೆ ಥಯಾಲನ್ನು ಕಟ್ಟಿಹಾಕಿ ಘಮ ನುಂಗುತ್ತದೆ.

ಮೆಣಸಿನ ಮಾತು ಬಂತಲ್ಲ. ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ವಾಸನೆ ಇದೆ ಎಂದು ಕುಡಿಯುವವರು ಬಹುಕಾಲದಿಂದ ಹೇಳುತ್ತಿದ್ದರು. ಯಾವ ಅಣು ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿಕೊಟ್ಟದ್ದು 2008ರಲ್ಲಿ: ರೊಟುಂಡೋನ್. ಕಾಳುಮೆಣಸಿನಲ್ಲೂ ಅದೇ ಅಣು. ಖಾರದ ಪೈಪರೀನ್ ಬೇರೆ, ಇದು ಬರೀ ವಾಸನೆ. ಹೆಸರು ಬಂದದ್ದು ನಮ್ಮ ಗದ್ದೆಯ ಕಳೆ ಕೊನ್ನಾರಿ ಗಡ್ಡೆಯ ಸಸ್ಯಶಾಸ್ತ್ರೀಯ ಹೆಸರಿನಿಂದ. ಕೆಂಪು ವೈನಿನಲ್ಲಿ ಇದು ಮೂಗಿಗೆ ಸಿಗಲು ಲೀಟರಿಗೆ 16 ನ್ಯಾನೊಗ್ರಾಂ ಸಾಕು, ಅಂದರೆ ಒಂದು ಗ್ರಾಂ ಆರೂಕಾಲು ಕೋಟಿ ಲೀಟರಿಗೆ! ತಂಪು ಹವೆಯಲ್ಲಿ, ನೆರಳಿನ ಗೊಂಚಲಲ್ಲಿ ಇದು ಹೆಚ್ಚು. ತಂಪು, ನೆರಳು ಎರಡೂ ನಮ್ಮಲ್ಲಿ ಬೇಕಾದಷ್ಟಿವೆ. ದ್ರಾಕ್ಷಿ ನೆಟ್ಟರೆ ಮಾತ್ರ ಜುಲೈ ಮಳೆಗೆ ಬೂಜು ಹಿಡಿದೀತು.

ಆ ವಿಜ್ಞಾನಿಗಳು ಜನರಿಗೆ ಇದನ್ನು ಕೊಟ್ಟು ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಅಲ್ಲಿನ ಅತಿ ಹೆಚ್ಚಿನ ಪ್ರಮಾಣದಲ್ಲೂ ಈ ಅಣು ಗೊತ್ತೇ ಆಗಲಿಲ್ಲ. ನನ್ನ ತಮ್ಮನೂ ಆ ಗುಂಪಿನವನೇ ಇರಬೇಕು. ಇಪ್ಪತ್ತು ವರ್ಷದಿಂದ ಮೆಣಸು ಬೆಳೆಯುತ್ತಾನೆ, ಕಣದ ಮೇಲೆ ಒಂದು ಮುಷ್ಟಿ ಉಜ್ಜಿ ಮೂಸಿದರೆ ಒಣಗಿತೋ ಇಲ್ಲವೋ ಹೇಳುತ್ತಾನೆ. ಮೆಣಸಿನಲ್ಲಿ ಪೈನೀನ್, ಲಿಮೊನೀನ್, ಕ್ಯಾರಿಯೋಫಿಲೀನ್ ಎಂಬ ಬೇರೆ ಘಮದ ಅಣುಗಳೂ ಇರುವುದರಿಂದ ಅಲ್ಲಿ ಅವನಿಗೆ ಕೊರತೆಯಿಲ್ಲ. ಹೋದ ವಾರ ಒಳ್ಳೆಯ ಶಿರಾಜ್ ಒಂದನ್ನು ಕೊಟ್ಟು, ನಿನ್ನ ತೋಟದ್ದೇ ವಾಸನೆ ನೋಡೋ ಎಂದೆ. ಮೂರು ಸಲ ಮೂಸಿ ಲೋಟ ಕೆಳಗಿಟ್ಟ. "ಹುಳಿ ದ್ರಾಕ್ಷಿ. ಮೆಣಸು ಎಲ್ಲಿದೆ ಇದ್ರಲ್ಲಿ?"