ಇದ್ದಿಲಿನ ತುಂಡಿಗೆ ಇಸವಿ ಸಿಗುವುದು ಹೇಗೆ?

ಉತ್ಖನನದಲ್ಲಿ ಸಿಕ್ಕ ಇದ್ದಿಲಿನ ತುಂಡೊಂದನ್ನು ಲ್ಯಾಬಿಗೆ ಕಳಿಸಿದರೆ ಅಲ್ಲಿಂದ ಒಂದು ಸಾಲಿನ ಉತ್ತರ ಬರುತ್ತದೆ: 2450 ± 30 ಬಿಪಿ. ನೋಡಿದ ತಕ್ಷಣ ಲೆಕ್ಕ ಸುಲಭ ಅನ್ನಿಸುತ್ತದೆ. ಬಿಪಿ ಎಂದರೆ 1950ರಿಂದ ಹಿಂದಕ್ಕೆ ಎಣಿಸುವ ರೂಢಿ. 2450ರಲ್ಲಿ 1950 ಕಳೆದರೆ ಕ್ರಿ.ಪೂ. 500. 30 ಎಂಬುದು ಅಳತೆಯಲ್ಲಿ ಆಗಬಹುದಾದ ಹೆಚ್ಚುಕಮ್ಮಿ. ಶೇಕಡಾ 95ರಷ್ಟು ಭರವಸೆ ಬೇಕಿದ್ದರೆ ಅದರ ಎರಡು ಪಟ್ಟು, ಅಂದರೆ ಆಚೀಚೆ 60 ವರ್ಷ ಹಿಡಿಯಬೇಕು. ಅಲ್ಲಿಗೆ ಕೆಲಸ ಮುಗೀತು, ಅಲ್ವಾ?

ಮುಗಿಯಲಿಲ್ಲ. ಆ ಮರ ಬದುಕಿದ್ದದ್ದು ಕ್ರಿ.ಪೂ. ಸುಮಾರು 750ರಿಂದ 410ರ ನಡುವೆ ಯಾವಾಗ ಬೇಕಾದರೂ ಇರಬಹುದು. ಲ್ಯಾಬಿನವರ ಅಳತೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವರು ಅಳೆದದ್ದು ತುಂಡಿನಲ್ಲಿ ಈಗ ಉಳಿದಿರುವ ಕಾರ್ಬನ್-14ರ ಪ್ರಮಾಣವನ್ನು. ಅದನ್ನು ಇಸವಿಯಾಗಿ ಬದಲಿಸುವುದು ಬೇರೆಯದೇ ಕೆಲಸ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಪ್ರಾಗಿತಿಹಾಸದ ಬಗ್ಗೆ ನಮ್ಮ ಕಲ್ಪನೆಯನ್ನು ಹೆಚ್ಚು ಬದಲಿಸಿರುವುದು ಈ ಎರಡನೆಯ ಕೆಲಸವೇ ಎಂದು ನನ್ನ ನಂಬಿಕೆ. ಅದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ಮೂಲ ವಿಷಯ ಅನೇಕರಿಗೆ ಗೊತ್ತಿರುವುದೇ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದಾಗಿ ವಾತಾವರಣದ ಮೇಲ್ಭಾಗದಲ್ಲಿ ನೈಟ್ರೋಜನ್‌ನಿಂದ ಕಾರ್ಬನ್-14 ಹುಟ್ಟುತ್ತಲೇ ಇರುತ್ತದೆ. ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಸುಮಾರು ಒಂದು ಈ ಬಗೆಯದು. ಗಿಡಗಳು ಗಾಳಿಯಿಂದ ಅದನ್ನು ಹೀರಿಕೊಳ್ಳುತ್ತವೆ. ಗಿಡ ತಿನ್ನುವ ಪ್ರಾಣಿಗಳಿಗೆ, ಮನುಷ್ಯರಿಗೆ ಅಲ್ಲಿಂದ ಬರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕ್ಷಯಿಸುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಇದನ್ನು ಗಡಿಯಾರವಾಗಿ ಬಳಸಬಹುದು ಎಂದು ತೋರಿಸಿದವರು ಶಿಕಾಗೋದ ವಿಲ್ಲರ್ಡ್ ಲಿಬ್ಬಿ. 1949ರಲ್ಲಿ ಅವರ ತಂಡದ ಮೊದಲ ಫಲಿತಾಂಶಗಳು ಪ್ರಕಟವಾದವು. 1960ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರು ಮೊದಮೊದಲು ಅಳೆದ ಮಾದರಿಗಳಲ್ಲಿ ಈಜಿಪ್ಟಿನ ದೊರೆ ಜೋಸೆರ್‌ನ ಸಮಾಧಿಯ ಮರದ ತುಂಡೂ ಇತ್ತು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿತ್ತು ಎಂದು ಲಿಬ್ಬಿ ಹಿಡಿದಿದ್ದರು. ಬೇರೆ ದಾರಿಯೂ ಆಗ ಇರಲಿಲ್ಲ. ಆದರೆ ಅದು ಒಂದೇ ಆಗಿರಲಿಲ್ಲ. ಸೂರ್ಯ ಚುರುಕಾಗಿದ್ದಾಗ ಕಾಸ್ಮಿಕ್ ಕಿರಣಗಳು ನಮ್ಮವರೆಗೆ ಕಡಿಮೆ ಬರುತ್ತವೆ, ಮಂಕಾಗಿದ್ದಾಗ ಜಾಸ್ತಿ. ಭೂಮಿಯ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಸಾಗರಗಳು ಕಾರ್ಬನ್ನನ್ನು ನುಂಗಿ ಉಗುಳುವ ರೀತಿಯೂ ಬದಲಾಗುತ್ತದೆ. ಶೇಕಡಾ 1ರಷ್ಟು ವ್ಯತ್ಯಾಸವಾದರೆ ಕಾಲದ ಲೆಕ್ಕ ಸುಮಾರು 80 ವರ್ಷ ಆಚೀಚೆ ಆಗುತ್ತದೆ. 1958ರಲ್ಲಿ ಹೆಸ್ಸೆಲ್ ಡಿ ವ್ರೀಸ್ ಈ ಏರಿಳಿತವನ್ನು ತೋರಿಸಿದರು. ಆಮೇಲೆ ಹ್ಯಾನ್ಸ್ ಸ್ಯೂಸ್ ಕ್ಯಾಲಿಫೋರ್ನಿಯದ ಬ್ರಿಸಲ್‌ಕೋನ್ ಪೈನ್ ಮರಗಳ ಉಂಗುರಗಳನ್ನು ಅಳೆದು ಸಾವಿರಾರು ವರ್ಷಗಳ ಅಂಕುಡೊಂಕನ್ನು ಗೆರೆಯಾಗಿ ಎಳೆದರು.

ಮರದ ಉಂಗುರಗಳೇ ಯಾಕೆ? ಪ್ರತಿ ಉಂಗುರವೂ ಒಂದು ವರ್ಷದ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಯಾವ ವರ್ಷ ಎಂಬುದನ್ನು ಎಣಿಸಿಯೇ ಹೇಳಬಹುದು. ಬದುಕಿರುವ ಮರ, ಹಳೆಯ ಮನೆಯ ತೊಲೆ, ಕೆಸರಿನಲ್ಲಿ ಹೂತ ದಿಮ್ಮಿ, ಹೀಗೆ ಒಂದರ ಉಂಗುರಗಳನ್ನು ಇನ್ನೊಂದರ ಜೊತೆ ಹೊಂದಿಸುತ್ತಾ ಹಿಂದಕ್ಕೆ ಹೋಗುತ್ತಾರೆ. ಇವತ್ತು ಉತ್ತರಾರ್ಧ ಗೋಳಕ್ಕೆ ಬಳಕೆಯಲ್ಲಿರುವ ಗೆರೆಯ ಹೆಸರು ಇಂಟ್‌ಕಾಲ್20. ಅದು 55,000 ವರ್ಷ ಹಿಂದಿನವರೆಗೆ ಹೋಗುತ್ತದೆ. ಇತ್ತೀಚಿನ ಸುಮಾರು 14,000 ವರ್ಷಗಳಿಗೆ ಮರಗಳ ಆಧಾರವಿದೆ. ಅದಕ್ಕೂ ಹಿಂದಕ್ಕೆ ಜಪಾನಿನ ಸುಯಿಗೆತ್ಸು ಕೆರೆಯ ವರ್ಷವರ್ಷದ ಕೆಸರಿನ ಪದರಗಳು, ಗುಹೆಗಳ ಸುಣ್ಣದ ಕಂಬಗಳು, ಹವಳಗಳು ನೆರವಿಗೆ ಬರುತ್ತವೆ. ದಕ್ಷಿಣಾರ್ಧ ಗೋಳಕ್ಕೂ ಸಮುದ್ರಕ್ಕೂ ಪ್ರತ್ಯೇಕ ಗೆರೆಗಳಿವೆ.

ಲ್ಯಾಬಿನ ಅಂಕಿಯನ್ನು ಈ ಗೆರೆಯ ಮೇಲಿಟ್ಟು ಇಸವಿ ಓದುವುದೇ ಕ್ಯಾಲಿಬ್ರೇಶನ್. ಗೆರೆ ಕಡಿದಾಗಿ ಇಳಿಯುವ ಕಡೆ ಅದೃಷ್ಟ ಒಳ್ಳೆಯದು. 2600 ± 30 ಎಂಬ ಅಂಕಿ ಬಹುಪಾಲು ಕ್ರಿ.ಪೂ. 820ರಿಂದ 770ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಅದರ ಪಕ್ಕದಲ್ಲೇ ಗೆರೆ ನೂರಾರು ವರ್ಷ ಸಮತಟ್ಟಾಗಿ ಮಲಗಿದೆ. ಕ್ರಿ.ಪೂ. 800ರಿಂದ 400ರವರೆಗಿನ ಈ ಜಾಗಕ್ಕೆ ಹಾಲ್‌ಸ್ಟಾಟ್ ಪ್ರಸ್ಥಭೂಮಿ ಎಂಬ ಹೆಸರಿದೆ. ಆ ಕಾಲದಲ್ಲಿ ಗಾಳಿಯ ಕಾರ್ಬನ್-14 ಕಡಿಮೆಯಾಗುತ್ತಾ ಬಂತು. ಮೊದಲು ಸತ್ತ ಮರ ಹೆಚ್ಚು ಕಾರ್ಬನ್-14 ಇಟ್ಟುಕೊಂಡು ಹೊರಟಿತು, ಆದರೆ ಹೆಚ್ಚು ಕಾಲ ಕಳೆದುಕೊಳ್ಳುತ್ತಾ ಬಂತು. ಆಮೇಲೆ ಸತ್ತದ್ದು ಕಡಿಮೆ ಇಟ್ಟುಕೊಂಡು ಹೊರಟಿತು, ಕಡಿಮೆ ಕಳೆದುಕೊಂಡಿತು. ಇವತ್ತು ಅಳೆದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಒಂಟಿ ತುಂಡಿನಿಂದ ಇಲ್ಲಿ ಹೆಚ್ಚಿನದೇನೂ ಹೊರಡುವುದಿಲ್ಲ.

ಇಲ್ಲಿಯವರೆಗಿನದು ಒಂದು ತುಂಡಿನ ಕಷ್ಟ. ತುಂಡುಗಳು ಹಲವಾದಾಗ ಇದಕ್ಕಿಂತ ಹೆಚ್ಚು ಮೋಸಗೊಳಿಸುವ ಒಂದು ತೊಡಕು ಎದುರಾಗುತ್ತದೆ.

ಒಂದು ಹಳ್ಳಿ ಒಂದೇ ವರ್ಷ ಇತ್ತು, ಆಮೇಲೆ ಸುಟ್ಟುಹೋಯಿತು ಎಂದುಕೊಳ್ಳಿ. ಆ ವರ್ಷದ 20 ಕಾಳುಗಳನ್ನು ಅಳೆಯುತ್ತೇವೆ. ಪ್ರತಿ ಅಳತೆಯಲ್ಲೂ 30 ವರ್ಷದ ಹೆಚ್ಚುಕಮ್ಮಿ ಇದೆ. ನಿಜವಾದ ವಯಸ್ಸು ಎಲ್ಲಕ್ಕೂ ಒಂದೇ, ಆದರೂ 20 ಅಂಕಿಗಳು ಚದುರಿಕೊಳ್ಳುತ್ತವೆ. ಅತಿ ಹಳೆಯದಕ್ಕೂ ಅತಿ ಹೊಸದಕ್ಕೂ ಸರಾಸರಿ 110 ವರ್ಷದಷ್ಟು ಅಂತರ ಬರುತ್ತದೆ. ಇದು ಸರಳ ಸಂಖ್ಯಾಶಾಸ್ತ್ರ. ಇನ್ನು ಕ್ಯಾಲಿಬ್ರೇಶನ್ ಮಾಡಿದರೆ ಪ್ರತಿಯೊಂದೂ ಇನ್ನಷ್ಟು ಅಗಲವಾಗುತ್ತದೆ. ಆ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಕಣ್ಣಳತೆಯಲ್ಲಿ ನೋಡಿದವರು ಏನು ಹೇಳುತ್ತಾರೆ? ಇಲ್ಲಿ ಜನ ಎರಡು ಮೂರು ಶತಮಾನ ಬದುಕಿದ್ದರು ಎನ್ನುತ್ತಾರೆ. ಒಂದು ವರ್ಷದ ಹಳ್ಳಿಗೆ ಶತಮಾನಗಳ ಆಯಸ್ಸು ಬಂದುಬಿಟ್ಟಿತು!

ಇದು ಒಂದೇ ದಿಕ್ಕಿಗೆ ವಾಲುವ ತಪ್ಪು. ಚದುರುವಿಕೆ ಎಲ್ಲವನ್ನೂ ಬೇಗ ಶುರುವಾದಂತೆ, ತಡವಾಗಿ ಮುಗಿದಂತೆ, ಜಾಸ್ತಿ ಕಾಲ ನಡೆದಂತೆ ತೋರಿಸುತ್ತದೆ. ಪ್ರಾಗಿತಿಹಾಸದ ಜನ ಶತಮಾನಗಟ್ಟಲೆ ಏನೂ ಬದಲಾಗದೆ, ಸುಮ್ನೆ ನಿಧಾನವಾಗಿ ಬದುಕಿದ್ದರು ಎಂಬ ಚಿತ್ರ ಬಹುಕಾಲ ಉಳಿಯಲು ಇದೂ ಒಂದು ಕಾರಣ. ನಮ್ಮ ಅಳತೆಯ ಮಸುಕನ್ನು ಅವರ ಬದುಕಿನ ಗುಣ ಎಂದುಕೊಂಡದ್ದು ಅವರಿಗೆ ಮಾಡಿದ ಅನ್ಯಾಯವೇ ಸರಿ.

ಇದರಿಂದ ಹೊರಬರುವ ದಾರಿ ಅಗೆಯುವವರ ಕೈಯಲ್ಲೇ ಇತ್ತು. ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂದು ಅವರಿಗೆ ಗೊತ್ತು. ಈ ಗೋಡೆ ಕಟ್ಟಿದ್ದು ಆ ಗುಂಡಿ ಮುಚ್ಚಿದ ಮೇಲೆ ಎಂದು ಗೊತ್ತು. ಇಂಥ ತಿಳಿವಳಿಕೆಯನ್ನು ಅಳತೆಯ ಜೊತೆಗೇ ಲೆಕ್ಕಕ್ಕೆ ಸೇರಿಸಬಹುದು. ಫೋಟೋ ಒಂದರಲ್ಲಿ ಮೂವರು ಹೆಂಗಸರಿದ್ದಾರೆ ಎಂದುಕೊಳ್ಳಿ. ಮುಖ ನೋಡಿ ಒಬ್ಬೊಬ್ಬರ ವಯಸ್ಸು ಊಹಿಸಿದರೆ ಹತ್ತು ಹದಿನೈದು ವರ್ಷ ಆಚೀಚೆ ಆಗುತ್ತದೆ. ಅವರು ಅಜ್ಜಿ, ಮಗಳು, ಮೊಮ್ಮಗಳು ಎಂದು ಗೊತ್ತಾದ ಕೂಡಲೇ ಮೂರು ಊಹೆಗಳೂ ಒಟ್ಟಿಗೆ ಬಿಗಿಯಾಗುತ್ತವೆ. ಅಜ್ಜಿಯ ವಯಸ್ಸಿನ ಬಗ್ಗೆ ಹೊಸದಾಗಿ ಯಾರೂ ಏನೂ ಹೇಳಲಿಲ್ಲ, ಆದರೂ ಅದು ಸ್ಪಷ್ಟವಾಯಿತು.

18ನೇ ಶತಮಾನದ ಥಾಮಸ್ ಬೇಯ್ಸ್ ಹೆಸರಿನ ಸೂತ್ರ ಮಾಡುವುದು ಇದನ್ನೇ. ಮೊದಲೇ ಗೊತ್ತಿದ್ದದ್ದು ಒಂದು ಕಡೆ, ಹೊಸ ಅಳತೆ ಇನ್ನೊಂದು ಕಡೆ, ಎರಡನ್ನೂ ಸೇರಿಸಿದರೆ ಬರುವ ತೀರ್ಮಾನ. 1990ರ ದಶಕದ ಆರಂಭದಲ್ಲಿ ಕೇಟ್ಲಿನ್ ಬಕ್ ಮತ್ತು ಸಂಗಡಿಗರು ಇದನ್ನು ರೇಡಿಯೋಕಾರ್ಬನ್ (ಅಂದರೆ ಕಾರ್ಬನ್-14) ಕಾಲಗಣನೆಗೆ ಅಳವಡಿಸಿದರು. ಆಕ್ಸ್‌ಫರ್ಡಿನ ಕ್ರಿಸ್ಟಫರ್ ಬ್ರಾಂಕ್ ರ‍್ಯಾಮ್ಸೆ ಅದೇ ದಶಕದಲ್ಲಿ ಆಕ್ಸ್‌ಕಾಲ್ ಎಂಬ ಸಾಫ್ಟ್‌ವೇರ್ ಬರೆದರು. ಕಂಪ್ಯೂಟರ್ ಲಕ್ಷಾಂತರ ಸಲ ಪ್ರತಿ ಮಾದರಿಗೂ ಒಂದೊಂದು ಇಸವಿ ಕೊಟ್ಟು ನೋಡುತ್ತದೆ. ಪದರಗಳ ಕ್ರಮ ಮುರಿಯುವ ಜೋಡಣೆಗಳಿಗೆ ಅಲ್ಲಿ ಜಾಗವಿಲ್ಲ. ಉಳಿದವುಗಳಲ್ಲಿ ಅಳತೆಗೂ ಗೆರೆಗೂ ಚೆನ್ನಾಗಿ ಹೊಂದುವವು ಹೆಚ್ಚು ಸಲ ಎಣಿಕೆಗೆ ಸಿಗುತ್ತವೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇದರಲ್ಲಿನ ಗಡಿ ಎಂಬ ಕಲ್ಪನೆ. ಈ ಜಾಗದಲ್ಲಿ ಚಟುವಟಿಕೆ ಯಾವಾಗಲೋ ಶುರುವಾಯಿತು, ಯಾವಾಗಲೋ ನಿಂತಿತು, ನಮಗೆ ಸಿಕ್ಕ ಮಾದರಿಗಳೆಲ್ಲ ಆ ಎರಡರ ನಡುವಿನವು ಎಂದು ಕಂಪ್ಯೂಟರಿನ ಲೆಕ್ಕಕ್ಕೆ ಹೇಳಿಕೊಡುತ್ತೇವೆ. ಕೇಳಲು ಇದು ಏನೂ ಹೇಳದಂತಿದೆ. ಆದರೆ ಈ ಅಂಕಿಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಘಟನೆಗಳಲ್ಲ ಎಂದು ಒಪ್ಪಿಕೊಂಡ ಕೂಡಲೇ ಚದುರುವಿಕೆಯಲ್ಲಿ ಎಷ್ಟು ಪಾಲು ಅಳತೆಯದು, ಎಷ್ಟು ನಿಜವಾದ ಕಾಲದ್ದು ಎಂದು ಬೇರ್ಪಡಿಸಲು ಬರುತ್ತದೆ. ಶುರುವಾದದ್ದು ಯಾವಾಗ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಆ ಮೊದಲ ದಿನದ ಯಾವ ವಸ್ತುವೂ ನಮ್ಮ ಕೈಯಲ್ಲಿ ಇರಬೇಕಾಗಿಲ್ಲ.

ದಕ್ಷಿಣ ಇಂಗ್ಲೆಂಡಿನ ವೆಸ್ಟ್ ಕೆನೆಟ್‌ನಲ್ಲಿ ನವಶಿಲಾಯುಗದ ದೊಡ್ಡ ಸಮಾಧಿದಿಬ್ಬ ಇದೆ. ಒಳಗೆ ಕಲ್ಲಿನ ಕೋಣೆಗಳು, ಅವುಗಳಲ್ಲಿ ಹಲವು ಜನರ ಎಲುಬುಗಳು. ತಲೆಮಾರುಗಳ ನಂತರ ತಲೆಮಾರು, ಶತಮಾನಗಟ್ಟಲೆ ಸತ್ತವರನ್ನು ಇಲ್ಲಿಗೆ ತಂದಿಟ್ಟಿರಬೇಕು ಎಂಬ ಭಾವನೆ ಇತ್ತು. ಅಲೆಕ್ಸ್ ಬೇಲಿಸ್, ಅಲಾಸ್ಡೇರ್ ವಿಟಲ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಲೆಕ್ಕ ಅದನ್ನು ಬುಡಮೇಲು ಮಾಡಿತು. ಶವಗಳನ್ನು ಇಟ್ಟದ್ದು ಕ್ರಿ.ಪೂ. 37ನೇ ಶತಮಾನದಲ್ಲಿ. ಆ ಮೊದಲ ಹಂತ ನಡೆದದ್ದು ಬಹುಶಃ 10ರಿಂದ 30 ವರ್ಷ ಮಾತ್ರ! ಅಂದರೆ ಅಲ್ಲಿರುವವರು ದೂರದ ಪೂರ್ವಜರ ಸಾಲಲ್ಲ. ಒಬ್ಬರನ್ನೊಬ್ಬರು ಬಲ್ಲ ಜನ. ಕೊನೆಯವರನ್ನು ಒಳಗೆ ಹೊತ್ತು ತಂದವರಿಗೆ ಮೊದಲನೆಯವರ ಮುಖ ನೆನಪಿದ್ದಿರಬಹುದು. ಯುಗ ಎಂದು ನಾವು ಕರೆಯುತ್ತಿದ್ದದ್ದು ಯಾರದೋ ಅರ್ಧ ಆಯಸ್ಸಿನೊಳಗೆ ನಡೆದುಹೋಗಿತ್ತು.

ಇಷ್ಟು ಬಿಗಿಯಾದ ಉತ್ತರ ಬಂದಾಗ ಅನುಮಾನವೂ ಬರಬೇಕು. ಲೆಕ್ಕಕ್ಕೆ ತಪ್ಪು ಹೇಳಿಕೊಟ್ಟರೆ ತಪ್ಪೇ ಬಿಗಿಯಾಗಿ ಹೊರಬರುತ್ತದೆ. ಹೆಚ್ಚಿನ ತಪ್ಪು ಹುಟ್ಟುವುದು ಲೆಕ್ಕಕ್ಕೆ ಮೊದಲು, ಮಾದರಿ ಆರಿಸುವಾಗ. ಮುನ್ನೂರು ವರ್ಷದ ಮರದ ತಿರುಳು, ಮರ ಕಡಿಯುವ ಹೊತ್ತಿಗೆ ಆಗಲೇ ಮುನ್ನೂರು ವರ್ಷ ಹಳೆಯದು. ಅದರ ಇದ್ದಿಲನ್ನು ಅಳೆದರೆ ಸಿಗುವುದು ತಿರುಳಿನ ಕಾಲ. ಬೆಂಕಿ ಹಾಕಿದ ಕಾಲ ಅಲ್ಲ. ಬಿಲ ತೋಡುವ ಪ್ರಾಣಿ ಹಳೆಯ ಎಲುಬನ್ನು ಮೇಲಿನ ಪದರಕ್ಕೆ ತಂದಿರಬಹುದು. ಮೀನು ಹೆಚ್ಚು ತಿಂದವರ ಎಲುಬು ಸಮುದ್ರದ ಹಳೆಯ ಕಾರ್ಬನ್ ಸೇರಿಸಿಕೊಂಡು ನೂರಾರು ವರ್ಷ ಹಳೆಯದಾಗಿ ಕಾಣಬಹುದು. ಹಾಗಾಗಿ ಜಾಗ್ರತೆಯಿಂದ ಕೆಲಸ ಮಾಡುವವರು ಒಂದೇ ವರ್ಷ ಬದುಕಿದ ಕಾಳು ಬೀಜ ಹುಡುಕುತ್ತಾರೆ. ಇಲ್ಲವೇ ಕೀಲು ಬಿಡದೆ ಒಟ್ಟಿಗೆ ಕೂಡಿಕೊಂಡೇ ಸಿಕ್ಕ ಎಲುಬು ಹುಡುಕುತ್ತಾರೆ. ಕೀಲು ಕೂಡಿಕೊಂಡಿದೆ ಎಂದರೆ ಮಾಂಸ ಇದ್ದಾಗಲೇ ಮಣ್ಣು ಸೇರಿದೆ, ಆಮೇಲೆ ಕದಲಿಲ್ಲ ಎಂದರ್ಥ. ಬೇರೆ ಬೇರೆ ಊಹೆಗಳಿಂದ ಲೆಕ್ಕ ಕಟ್ಟಿ, ಉತ್ತರ ಎಷ್ಟು ಅಲುಗುತ್ತದೆ ಎಂದೂ ಪರೀಕ್ಷಿಸುತ್ತಾರೆ. ಹಾಗೆ ಮಾಡದೆ ಒಂದೇ ಲೆಕ್ಕದ ಫಲಿತಾಂಶ ಕೊಡುವ ವರದಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಮೊದಲೇ ಗೊತ್ತಿರುವುದು ಮಣ್ಣಿನ ಪದರವೇ ಆಗಿರಬೇಕು ಎಂದೇನಿಲ್ಲ. ಈಜಿಪ್ಟಿನಲ್ಲಿ ದೊರೆಗಳ ಕ್ರಮ, ಒಬ್ಬೊಬ್ಬರು ಆಳಿದ ಅವಧಿ ಬರವಣಿಗೆಯಲ್ಲೇ ಉಳಿದಿದೆ. ಆದರೆ ಆ ಸಾಲು ನಮ್ಮ ಇಸವಿಗಳ ಯಾವ ಜಾಗಕ್ಕೆ ಅಂಟಿಕೊಳ್ಳಬೇಕು ಎಂಬುದು ವಾದದ ವಿಷಯ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರಾಂಕ್ ರ‍್ಯಾಮ್ಸೆ ತಂಡ ಮ್ಯೂಸಿಯಂಗಳಲ್ಲಿದ್ದ ಬೀಜ, ಬುಟ್ಟಿ, ಸಸ್ಯದ ನಾರಿನಂಥ 211 ಮಾದರಿಗಳನ್ನು ಅಳೆದು, ದೊರೆಗಳ ಕ್ರಮದ ಜೊತೆ ಸೇರಿಸಿ ಲೆಕ್ಕ ಹಾಕಿತು. ಲಿಬ್ಬಿ ಅಳೆದಿದ್ದ ಮರದ ಒಡೆಯ ಜೋಸೆರ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 2691ರಿಂದ 2625ರ ನಡುವೆ ಎಂದು ಬಂತು. ಈಜಿಪ್ಟಿನ ಇತಿಹಾಸದಲ್ಲಿ ಹೊಸ ಸಾಮ್ರಾಜ್ಯ ಎಂದು ಕರೆಯುವ ಘಟ್ಟದ ಆರಂಭಕ್ಕೆ ಕ್ರಿ.ಪೂ. 1570ರಿಂದ 1544, ಅಂದರೆ ಬರೀ 26 ವರ್ಷದ ಅಂತರ ಸಿಕ್ಕಿತು. ಬಿಡಿ ಮಾದರಿ ಯಾವುದೂ ಇಷ್ಟು ಹೇಳಲಾರದು.

ಇಷ್ಟೆಲ್ಲ ಮಾಡಿದ ಮೇಲೂ ಉತ್ತರ ಹರಹಾಗಿಯೇ ಬರುತ್ತದೆ. ಒಂದೇ ಇಸವಿ ಸಿಗುವುದು ತೀರಾ ಅಪರೂಪ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ತಂಡ ಕ್ರಿ.ಶ. 774–775ರ ಮರದ ಉಂಗುರಗಳಲ್ಲಿ ಕಾರ್ಬನ್-14 ಒಮ್ಮೆಗೇ ಜಿಗಿದದ್ದನ್ನು ಕಂಡಿತು. ಮುಂದೆ 993ರ ಸುತ್ತ ಅಂಥದೇ ಇನ್ನೊಂದು ಜಿಗಿತ ಸಿಕ್ಕಿತು. ಸೂರ್ಯನ ಭಾರೀ ಸ್ಫೋಟಗಳೇ ಕಾರಣ ಎಂಬುದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ. ಈ ಜಿಗಿತ ಭೂಮಿಯ ಎಲ್ಲ ಕಡೆಯ ಮರಗಳಲ್ಲೂ ಒಂದೇ ಕಾಲಕ್ಕೆ ಗುರುತು ಬಿಟ್ಟಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಲಾನ್ಸ್ ಓ ಮೆಡೋಸ್ ವೈಕಿಂಗ್ ನೆಲೆಯಲ್ಲಿ ಲೋಹದ ಅಲಗಿನಿಂದ ಕಡಿದ, ತೊಗಟೆಯ ಅಂಚು ಉಳಿದಿದ್ದ ಮರದ ತುಂಡುಗಳಿದ್ದವು. ಸಂಶೋಧಕರು ಅವುಗಳಲ್ಲಿ 993ರ ಉಂಗುರ ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. ಇನ್ನೂ 28 ಉಂಗುರ. ಮೂರು ಬೇರೆ ಬೇರೆ ಮರಗಳಲ್ಲೂ ಅದೇ ಉತ್ತರ: ಕಡಿದದ್ದು ಕ್ರಿ.ಶ. 1021.

ಈಗ ಹಲವು ಲ್ಯಾಬುಗಳು ಗೆರೆಯನ್ನೇ ಒಂದೊಂದು ಉಂಗುರದಂತೆ ಮತ್ತೆ ಅಳೆಯುತ್ತಿವೆ. ಮೊದಲು ಹತ್ತು ಇಪ್ಪತ್ತು ಉಂಗುರಗಳನ್ನು ಒಟ್ಟಿಗೆ ಅಳೆದು ಎಳೆದಿದ್ದ ಕಡೆಗಳಲ್ಲಿ ಗೆರೆ ಸ್ವಲ್ಪ ಸರಿಯುತ್ತಿದೆ. ಏಜಿಯನ್ ಸಮುದ್ರದ ಥೀರಾ ಜ್ವಾಲಾಮುಖಿ ಸಿಡಿದ ಕಾಲದ ವಾದ ಹೀಗೇ ಮತ್ತೆ ತೆರೆದುಕೊಂಡಿದೆ. ಕ್ರಿ.ಪೂ. 17ನೇ ಶತಮಾನದ ಕಡೆಗೆ ವಾಲಿದ್ದ ರೇಡಿಯೋಕಾರ್ಬನ್ ಉತ್ತರ, 2018ರ ಹೊಸ ಉಂಗುರಗಳ ಅಳತೆಯ ನಂತರ 16ನೇ ಶತಮಾನಕ್ಕೂ ಜಾಗ ಬಿಟ್ಟಿತು. ಇಂಥ ಬದಲಾವಣೆ ಬಂದಾಗ ಹಳೆಯ ವರದಿಯಲ್ಲಿ ಬರೀ ಇಸವಿ ಕೊಟ್ಟು ಕೈತೊಳೆದುಕೊಂಡಿದ್ದರೆ ಏನೂ ಮಾಡಲು ಬರುವುದಿಲ್ಲ. ಲ್ಯಾಬಿನ ಮೂಲ ಅಂಕಿ, ಅದರ ಹೆಚ್ಚುಕಮ್ಮಿ, ಮಾದರಿ ಯಾವುದರದ್ದು, ಯಾವ ಪದರದ್ದು, ಯಾವ ಗೆರೆ ಬಳಸಿದರು ಎಂಬುದೆಲ್ಲ ಬರೆದಿಟ್ಟಿದ್ದರೆ, ಇಪ್ಪತ್ತು ವರ್ಷದ ಹಿಂದಿನ ಅಳತೆಯನ್ನೂ ಒಂದು ಮಧ್ಯಾಹ್ನದಲ್ಲಿ ಹೊಸ ಗೆರೆಯ ಮೇಲಿಟ್ಟು ಮತ್ತೆ ಲೆಕ್ಕ ಹಾಕಬಹುದು.